ಲಜ್ಜೆ ಯಾರದು? ಬೆಳಗಾವಿ ಸೀಮೆಯ ಒಂದು ಕಹಿಯಾದ ಚರಿತ್ರೆ

ಮಹೋತ್ಸವದ ಸಂಪುಟವೆಂದರೆ ಹರ್ಷದ ಕಾಲದಲ್ಲಿ ಹೊರಡುವ ಗ್ರಂಥವು. ಗುರುಪರಂಪರೆಯ ಸ್ಮರಣೆ, ದಾಸೋಹದ ವಿಸ್ತಾರ, ವಿದ್ಯಾದಾನದ ಫಲ ಇವುಗಳನ್ನು ವಾಚಕರು ಇಂಥ ಪುಟಗಳಲ್ಲಿ ನಿರೀಕ್ಷಿಸುವುದು ಸಹಜವೇ ಸರಿ. ಅವುಗಳನ್ನು ಬರೆಯಲು ನನಗಿಂತ ಸಮರ್ಥರಾದ ವಿದ್ವಾಂಸರು ಈ ಸಂಪುಟದಲ್ಲಿಯೇ ಇರುವರು. ನಾನು ಮಾತ್ರ ಶ್ರೀಗಳವರ ಅಪ್ಪಣೆಯನ್ನು ಪಡೆದು ಒಂದು ಕಹಿಯಾದ ವಿಷಯವನ್ನು ಎತ್ತಿಕೊಂಡಿರುವೆನು. ಹೆಂಗಸರ ಮೇಲೂ ಮಕ್ಕಳ ಮೇಲೂ ನಡೆಯುವ ಬಲಾತ್ಕಾರವು, ಈಗಿನವರು ಲೈಂಗಿಕ ಹಿಂಸೆಯೆಂದು ಕರೆಯುವ ಆ ಪಾತಕವು, ನಮ್ಮ ಬೆಳಗಾವಿ ಸೀಮೆಯಲ್ಲಿ ಯಾವ ರೂಪದಿಂದ ನೆಲೆಯೂರಿತು, ಅದನ್ನು ತಡೆಯಲು ಯಾರು ಏನು ಮಾಡಿದರು, ಇನ್ನು ಮಾಡತಕ್ಕುದೇನು ಎಂಬುದೇ ಆ ವಿಷಯ. ಇದು ಮಠದ ಗ್ರಂಥಕ್ಕೆ ಒಪ್ಪುವುದೇ ಎಂದು ಶಂಕಿಸುವವರು ಲೇಖನವನ್ನು ಕೊನೆಯವರೆಗೆ ಓದುವ ಕೃಪೆ ಮಾಡಬೇಕು.

ಮೊದಲು ಶಬ್ದವಿಚಾರ. ನಮ್ಮ ಹಿರಿಯರು ಈ ಪಾತಕಕ್ಕೆ ‘ಮಾನಭಂಗ’ವೆಂದೂ ‘ಶೀಲಹರಣ’ವೆಂದೂ ಹೆಸರಿಟ್ಟರು. ಭಂಗವಾದ ಮಾನವು ಯಾರದು, ಹೋದ ಶೀಲವು ಯಾರದು ಎಂದು ಕೇಳಿದರೆ, ಪೀಡೆಗೊಳಗಾದವಳದೆಂದೇ ಆ ಶಬ್ದಗಳು ಉತ್ತರ ಕೊಡುತ್ತವೆ. ಮನೆಗೆ ಕನ್ನ ಬಿದ್ದರೆ ಕಳ್ಳನೆಂಬ ಹೆಸರು ಕನ್ನ ಕೊರೆದವನಿಗೆ ಬರುವುದಲ್ಲದೆ ಮನೆಯೊಡೆಯನಿಗೆ ಬಾರದು. ಈ ಒಂದು ಪಾತಕದಲ್ಲಿ ಮಾತ್ರ ಲೋಕವು ಲಜ್ಜೆಯ ಹೊರೆಯನ್ನು ತಪ್ಪು ತಲೆಯ ಮೇಲೆ ಹೊರಿಸುತ್ತ ಬಂದಿದೆ. ಹೊತ್ತವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ಬಾಯಿ ಮುಚ್ಚಿಕೊಂಡಳೆಂಬ ಧೈರ್ಯದಿಂದ ಪಾತಕಿಯು ಮತ್ತೊಂದು ಮನೆಯ ಬಾಗಿಲಿಗೆ ಹೋಗುತ್ತಾನೆ. ಈ ಹೊರೆಯನ್ನು ಇಳಿಸಿ ಅದರ ನಿಜವಾದ ಒಡೆಯನ ತಲೆಯ ಮೇಲೆ ಇಡುವುದಕ್ಕೆ ನಡೆದ ಪ್ರಯತ್ನಗಳೇ ಈ ಚರಿತ್ರೆಯ ಸಾರವು.

ಶರಣರ ಕಾಲ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸೂಳೆ ಸಂಕವ್ವೆಯೆಂಬ ಶರಣೆಯಿದ್ದಳು. ಆಕೆಯ ವಚನವು ನಮಗೆ ಒಂದೇ ಒಂದು ದೊರೆತಿದೆ. ಆದರೆ ಆಕೆಯ ಅಂಕಿತವನ್ನು ವಾಚಕರು ಮನಸ್ಸಿಟ್ಟು ಗಮನಿಸಬೇಕು: ‘ನಿರ್ಲಜ್ಜೇಶ್ವರ’. ಲೋಕವು ಯಾವಳನ್ನು ಲಜ್ಜೆಗೆಟ್ಟವಳೆಂದು ಕರೆಯುತ್ತಿತ್ತೋ ಅವಳು ತನ್ನ ಇಷ್ಟದೈವಕ್ಕೆ ಲಜ್ಜೆಯಿಲ್ಲದ ಈಶ್ವರನೆಂದು ಹೆಸರಿಟ್ಟು, ಆ ಹೆಸರಿನಿಂದಲೇ ಶರಣರ ಸಭೆಯಲ್ಲಿ ಮಾತನಾಡಿದಳು. ಬಸವಣ್ಣನವರ ಕಲ್ಯಾಣವು ಆಕೆಯ ಹಳೆಯ ವೃತ್ತಿಯನ್ನು ಮರೆಮಾಡಲಿಲ್ಲ; ಆ ವೃತ್ತಿಯ ಕಾರಣದಿಂದ ಆಕೆಯನ್ನು ಹೊರಗೂ ನಿಲ್ಲಿಸಲಿಲ್ಲ.

ಅಕ್ಕಮಹಾದೇವಿಯ ಚರಿತ್ರೆಯನ್ನು ನಾವು ವೈರಾಗ್ಯದ ಕಥೆಯೆಂದು ಪುರಾಣಗಳಲ್ಲಿ ಕೇಳುತ್ತ ಬಂದಿರುವೆವು. ಅದು ಬಲಾತ್ಕಾರದ ಭಯವನ್ನು ಎದುರಿಸಿದ ಕಥೆಯೂ ಹೌದು. ಉಡುತಡಿಯ ಅರಸನಾದ ಕೌಶಿಕನು ಆಕೆಯನ್ನು ಕಂಡು ಮೋಹಿಸಿದನು. ಅರಸನ ಕಡೆಯವರು ತಂದೆತಾಯಿಗಳನ್ನು ಹೆದರಿಸಿದರು. ಮದುವೆಯು ನಡೆಯಿತೆಂದು ಹರಿಹರನೂ ನಡೆಯಲಿಲ್ಲವೆಂದು ಚಾಮರಸನೂ ಹೇಳುವರು. ಈ ಭೇದವು ಹೇಗೇ ಇರಲಿ, ಭಯದಿಂದ ಪಡೆದ ಒಪ್ಪಿಗೆಯು ಒಪ್ಪಿಗೆಯಲ್ಲವೆಂಬ ತತ್ತ್ವವು ಇಬ್ಬರ ಕಥೆಯಿಂದಲೂ ಹೊರಡುವುದು. ಅರಸನ ಅಂತಃಪುರದ ಭೋಗವನ್ನು ಒದ್ದು ಆಕೆ ಹೊರಟುಬಂದಳು.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳದಿದ್ದರೆ ನನ್ನ ಲೇಖನಿಗೆ ದೋಷ ಬರುವುದು. ಕಲ್ಯಾಣಕ್ಕೆ ಬಂದ ಮಹಾದೇವಿಯನ್ನು ಅಲ್ಲಮಪ್ರಭುಗಳು ಪರೀಕ್ಷಿಸಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಅದು ಅನುಭಾವದ ಪರೀಕ್ಷೆಯೆಂಬುದನ್ನು ನಾನು ಬಲ್ಲೆನು, ಪ್ರಭುಗಳ ಪಾದಕ್ಕೆ ಶರಣು ಎನ್ನುವೆನು. ಆದರೂ ಲೌಕಿಕದ ಕಣ್ಣಿನಿಂದ ನೋಡಿದರೆ, ಅರಮನೆಯಿಂದ ಪಾರಾಗಿ ಬಂದವಳು ತನ್ನ ಗಂಡನಾರು, ತನ್ನ ನಡೆಯೇನು ಎಂದು ಸಭೆಯಲ್ಲಿ ಉತ್ತರ ಹೇಳಬೇಕಾಯಿತು. ಕೌಶಿಕನನ್ನು ಯಾವ ಸಭೆಯೂ ಪ್ರಶ್ನಿಸಲಿಲ್ಲ. ಎಂಟುನೂರು ವರ್ಷಗಳ ತರುವಾಯವೂ ನಮ್ಮ ಊರುಗಳಲ್ಲಿ ಇದೇ ಕ್ರಮವು ನಡೆದಿದೆ. ಅವಳು ಆ ಹೊತ್ತಿನಲ್ಲಿ ಅಲ್ಲಿಗೆ ಏಕೆ ಹೋದಳೆಂದು ಕೇಳುವವರು ನೂರು ಮಂದಿ. ಅವನು ಹಾಗೆ ಏಕೆ ಮಾಡಿದನೆಂದು ಕೇಳುವವರು ವಿರಳ.

ಎಲ್ಲಮ್ಮನ ಗುಡ್ಡದ ಹಾದಿ

ಶರಣರು ತೋರಿದ ಮಾರ್ಗವು ಸೀಮೆಯ ನಡಾವಳಿಯಾಗಿ ಉಳಿಯಲಿಲ್ಲವೆಂಬುದಕ್ಕೆ ನಮ್ಮ ಜಿಲ್ಲೆಯ ಸವದತ್ತಿಯ ಎಲ್ಲಮ್ಮನ ಗುಡ್ಡದ ಹಾದಿಯೇ ಸಾಕ್ಷಿ. ಪುರಾತನ ಕಾಲದಲ್ಲಿ ದೇವಾಲಯದ ಗಣಿಕೆಯರಿಗೆ ಸಂಪತ್ತೂ ಗೌರವವೂ ಇದ್ದುದು ನಿಜ. ಚಾಲುಕ್ಯ ವಿಜಯಾದಿತ್ಯನ (696–733) ಪ್ರಾಣವಲ್ಲಭೆಯಾದ ವಿನಾಪೋಟಿಯು ಮಹಾಕೂಟದ ದೇವರಿಗೆ ರತ್ನಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಅರ್ಪಿಸಿದಳೆಂದು ಅಲ್ಲಿಯ ಶಾಸನವು ಹೇಳುತ್ತದೆ. ಆದರೆ ವಿನಾಪೋಟಿಯ ಶಾಸನವನ್ನು ಮುಂದಿಟ್ಟುಕೊಂಡು, ಮುತ್ತು ಕಟ್ಟಿಸಿಕೊಂಡ ಬಡ ಹುಡುಗಿಯ ಬಾಳನ್ನು ಸಮರ್ಥಿಸುವುದು ವಿದ್ವತ್ತಿನ ಲಕ್ಷಣವಲ್ಲ.

ಮುತ್ತು ಕಟ್ಟುವುದೆಂದರೆ ಕೆಂಪು ಬಿಳಿ ಮಣಿಗಳ ಸರವನ್ನು ಹುಡುಗಿಯ ಕೊರಳಿಗೆ ಕಟ್ಟಿ ಆಕೆಯನ್ನು ದೇವಿಗೆ ಬಿಟ್ಟಂತೆ ಮಾಡುವುದು. ಆಕೆ ಬಹುಮಟ್ಟಿಗೆ ದಲಿತರ ಮನೆಯವಳು, ಮೈನೆರೆಯದ ಕೂಸು. ಮನೆಯಲ್ಲಿ ಗಂಡುಮಗನಿಲ್ಲದಿದ್ದರೆ, ಬೇನೆ ಬಂದರೆ, ಮಗುವಿನ ಕೂದಲು ಗಂಟುಕಟ್ಟಿ ಜಡೆಯಾದರೆ, ಅದು ಅಮ್ಮನ ಅಪ್ಪಣೆಯೆಂದು ಹಿರಿಯರು ನಿರ್ಣಯಿಸುತ್ತಿದ್ದರು. ದೇವಿಗೆ ಬಿಟ್ಟ ಮಗಳು ತವರಿನಲ್ಲಿಯೇ ಉಳಿದು ಗಂಡುಮಗನಂತೆ ತಂದೆತಾಯಿಗಳನ್ನು ಸಾಕಬೇಕು. ಸಾಕುವ ದಾರಿಯು ಆಕೆಯ ಶರೀರವೇ. ಮೈನೆರೆದ ಮೇಲೆ ಊರಿನ ಹೊಲಮನೆಯುಳ್ಳವನೊಬ್ಬನು ಅಕ್ಕಿಬೇಳೆ, ಸೀರೆ, ನಾಲ್ಕು ಕಾಸು ಕೊಟ್ಟು ಆಕೆಯನ್ನು ಇಟ್ಟುಕೊಳ್ಳುವನು, ಬೇಸರವಾದಾಗ ಬಿಟ್ಟುಬಿಡುವನು. ಅಲ್ಲಿಂದ ಮುಂಬಯಿ, ಪುಣೆ, ಸಾಂಗಲಿಗಳ ಬಜಾರಗಳಿಗೆ ಹೋದವರು ಅನೇಕರು. ಬಳ್ಳಾರಿಯ ಕಡೆ ಇಂಥವಳಿಗೆ ‘ಬಸವಿ’ಯೆಂಬ ಹೆಸರುಂಟು. ಬಸವನ ಹೆಸರಿನಿಂದ ಬಾಳುವ ನಮಗೆ ಆ ಶಬ್ದವನ್ನು ಉಚ್ಚರಿಸುವಾಗ ನಾಲಿಗೆ ತಡವರಿಸಬೇಕು. ಹೀಗೆ ಇಟ್ಟುಕೊಂಡವರಲ್ಲಿ ಕೊರಳಲ್ಲಿ ಇಷ್ಟಲಿಂಗವಿದ್ದವರು ಒಬ್ಬರೂ ಇರಲಿಲ್ಲವೆಂದು ಯಾವ ಬಾಯಿಂದ ಹೇಳೋಣ?

ಇದರಲ್ಲಿ ಬಲಾತ್ಕಾರವೆಲ್ಲಿ ಬಂತು, ಯಾರೂ ಕೈ ಹಿಡಿದು ಎಳೆಯಲಿಲ್ಲವಲ್ಲ ಎಂದು ವಾದಿಸುವವರಿದ್ದರು. ಏಳೆಂಟು ವರ್ಷದ ಕೂಸಿಗೆ ಮಣಿಯ ಸರವೆಂದರೆ ಒಡವೆ, ಹೊಸ ಸೀರೆಯೆಂದರೆ ಹಬ್ಬ. ಆಕೆಯ ಮುಂದಿನ ಜೀವಮಾನವನ್ನೇ ಹಿರಿಯರು, ಊರು, ಬಡತನ, ದೇವರ ಭಯ ಇವೆಲ್ಲವೂ ಕೂಡಿ ಒಪ್ಪಿಸಿದ ಮೇಲೆ ಒಬ್ಬನು ಕೈ ಹಿಡಿದು ಎಳೆಯುವ ಪ್ರಮೇಯವೇ ಉಳಿಯುವುದಿಲ್ಲ. ಹಿಂಸೆಯನ್ನು ಊರೇ ಹಂಚಿಕೊಂಡು ಮಾಡಿದಾಗ ಅದಕ್ಕೆ ಸಂಪ್ರದಾಯವೆಂಬ ಹೆಸರು ಬರುತ್ತದೆ.

ಕಾನೂನಿನ ಹೆಜ್ಜೆಗಳು

ಮೈಸೂರು ಸಂಸ್ಥಾನವು 1909 ರಷ್ಟು ಹಿಂದೆಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸೀ ಸೇವೆಯನ್ನು ನಿಲ್ಲಿಸುವ ಕ್ರಮವನ್ನು ಕೈಕೊಂಡಿತು. ಬೆಳಗಾವಿಯು ಆಗ ಮುಂಬಯಿ ಇಲಾಖೆಗೆ ಸೇರಿದ್ದಿತಾದುದರಿಂದ ನಮಗೆ ಅನ್ವಯಿಸಿದುದು ಸನ್ 1934 ರ ಮುಂಬಯಿ ದೇವದಾಸೀ ರಕ್ಷಣಾ ಕಾಯಿದೆಯು. ಅದು ದೇವರಿಗೆ ಬಿಡುವುದನ್ನು ಅಪರಾಧವೆಂದು ಸಾರಿತು. ದೇವದಾಸಿಯ ವಿವಾಹವು ಸಿಂಧುವೆಂದು ಒಪ್ಪಿತು. ಬಳ್ಳಾರಿಯು ಮದ್ರಾಸಿನಲ್ಲಿದ್ದುದರಿಂದ ಅಲ್ಲಿಗೆ ಡಾ. ಮುತ್ತುಲಕ್ಷ್ಮೀ ರೆಡ್ಡಿಯವರ ದೀರ್ಘ ಹೋರಾಟದ ಫಲವಾದ 1947 ರ ಕಾಯಿದೆಯು ಬಂದಿತು. 1956 ರಲ್ಲಿ ರಾಜ್ಯವು ಒಂದಾದ ಎಷ್ಟೋ ವರ್ಷಗಳ ಮೇಲೆ, 1982 ರ ಕರ್ನಾಟಕ ದೇವದಾಸೀ ಸಮರ್ಪಣಾ ನಿಷೇಧ ಕಾಯಿದೆಯು ರಚಿತವಾಯಿತು. ಸಮರ್ಪಣೆ ಮಾಡಿದವರಿಗೆ ಮೂರು ವರ್ಷಗಳವರೆಗೆ, ಮಾಡಿದವರು ತಂದೆತಾಯಿ ಅಥವಾ ಬಂಧುಗಳಾದರೆ ಎರಡರಿಂದ ಐದು ವರ್ಷಗಳವರೆಗೆ ಸೆರೆವಾಸವೆಂದು ಅದು ವಿಧಿಸಿತು.

ಈ ಕಾಯಿದೆಗಳು ಉಪಕಾರ ಮಾಡಿದವು, ಸಂದೇಹವಿಲ್ಲ. ಆದರೆ ಒಂದು ನ್ಯೂನತೆಯನ್ನು ಚರಿತ್ರಕಾರನು ಗುರುತಿಸಲೇಬೇಕು. ದಂಡನೆಯು ಮುತ್ತು ಕಟ್ಟಿದವರಿಗೆ, ಕಟ್ಟಿಸಿದ ಬಡ ತಾಯಿತಂದೆಗಳಿಗೆ. ಆ ಮುತ್ತಿನ ಲಾಭವನ್ನು ಉಂಡ ಹೊಲದೊಡೆಯನ ಹೆಸರೇ ಅಲ್ಲಿಲ್ಲ. ಕೌಶಿಕನು ಮತ್ತೊಮ್ಮೆ ಪ್ರಶ್ನೆಯಿಂದ ತಪ್ಪಿಸಿಕೊಂಡನು. ಗುಡ್ಡದ ಮೇಲೆ ಪೊಲೀಸರ ಕಾವಲು ಬಂದೊಡನೆ ಮುತ್ತು ಕಟ್ಟುವುದು ಮನೆಯ ಕೋಣೆಗೂ ಸಣ್ಣ ಗುಡಿಗಳಿಗೂ ಸರಿಯಿತು. 1993–94 ರ ಗಣತಿಯಲ್ಲಿ 22,873 ಮಂದಿ, 2007–08 ರ ಗಣತಿಯಲ್ಲಿ ಮತ್ತೆ 23,787 ಮಂದಿ, ಕೂಡಿ 46,660 ಮಂದಿ ದೇವದಾಸಿಯರು ರಾಜ್ಯದಲ್ಲಿ ಲೆಕ್ಕಕ್ಕೆ ಸಿಕ್ಕಿದರು. ಅವರ ಮಕ್ಕಳಿಗೆ ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗವು ಬರಿದಾಗಿಯೇ ಉಳಿಯುತ್ತಿತ್ತು. ಆ ಬರಿದಾದ ಜಾಗಕ್ಕಾಗಿ ಹುಡುಗರೇ ನಾಚಿಕೆಪಟ್ಟರು.

ಹೆಂಗಸರೇ ಹಿಡಿದ ದಾರಿ

ಈ ಹೊರೆಯನ್ನು ನಿಜವಾಗಿ ಅಲುಗಾಡಿಸಿದವರು ಅದನ್ನು ಹೊತ್ತವರೇ. 1997 ರಲ್ಲಿ ನಮ್ಮ ಜಿಲ್ಲೆಯ ಘಟಪ್ರಭೆಯಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯು ಸ್ಥಾಪಿತವಾಯಿತು. ಅದರ ಸದಸ್ಯೆಯರು ದೇವದಾಸಿಯರಾಗಿದ್ದವರೇ. ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿಯವರು ಆ ಸಂಸ್ಥೆಯನ್ನು ಮುನ್ನಡೆಸಿ, 2018 ರಲ್ಲಿ ರಾಷ್ಟ್ರದ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು.

ಇವರ ಕಾರ್ಯದ ರೀತಿಯನ್ನು ಮಠಾಧಿಕಾರಿಗಳೂ ಉಪನ್ಯಾಸಕರೂ ಲಕ್ಷ್ಯವಿಟ್ಟು ನೋಡಬೇಕು. ಸರಕಾರದ ಆಜ್ಞೆಯು ಮಾಡಬಾರದೆಂದು ಹೇಳುತ್ತದೆ. ಇವರು ಮಾಡಬೇಡ ತಾಯಿ, ನನ್ನನ್ನು ನೋಡು ಎಂದು ಹೇಳಿದರು. ಜಡೆ ಬಿಟ್ಟ ಮಗುವಿನ ಕೂದಲನ್ನು ತೊಳೆದು ಬಿಡಿಸಿ, ದೇವಿಯ ಕೋಪವು ಬರಲಿಲ್ಲವೆಂಬುದನ್ನು ಕಣ್ಣಾರೆ ತೋರಿಸಿದರು. ಹುಡುಗಿಯನ್ನು ಶಾಲೆಗೆ ಸೇರಿಸಿದರು. ಹೆಂಗಸರ ಉಳಿತಾಯದ ಗುಂಪುಗಳನ್ನು ಕಟ್ಟಿ, ಹಸಿವೆಯೇ ಸಂಪ್ರದಾಯದ ಬೆನ್ನೆಲುಬೆಂಬುದನ್ನು ಅರಿತು ಅದಕ್ಕೂ ಮದ್ದು ಹುಡುಕಿದರು. ಭಯ, ಬಡತನ, ಮೌನ ಈ ಮೂರನ್ನೂ ಒಟ್ಟಿಗೆ ಮುಟ್ಟದೆ ಈ ರೋಗವು ವಾಸಿಯಾಗದೆಂಬುದು ಅವರ ಅನುಭವದ ಪಾಠ. ಮೌಢ್ಯದ ಭಯವನ್ನು ಎದುರಿಸುವ ಪರಿಪಾಠವು ನಮ್ಮ ನಗರದಲ್ಲಿಯೂ ಇದೆ. ಈ ಸದಾಶಿವನಗರದ ರುದ್ರಭೂಮಿಯಲ್ಲಿ ಮಾನವ ಬಂಧುತ್ವ ವೇದಿಕೆಯವರು ಡಿಸೆಂಬರ್ 6 ರಂದು, ಸ್ಮಶಾನದ ಭಯವನ್ನು ಅಳಿಸಲೆಂದೇ, ಅಲ್ಲಿಯೇ ಊಟಮಾಡಿ ರಾತ್ರಿ ಕಳೆಯುವ ಕಾರ್ಯಕ್ರಮವನ್ನು ನಡೆಸಿದ್ದಾರೆ. ಸತ್ತವರ ಭಯವನ್ನು ಬಿಡಿಸಲು ಇಷ್ಟು ಶ್ರಮ ಬೇಕಾದರೆ, ಬದುಕಿರುವ ಬಲವಂತರ ಭಯವನ್ನು ಬಿಡಿಸಲು ಎಷ್ಟು ಶ್ರಮ ಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ನೋಡುತ್ತ ನಿಂತವರು

ಪಾಠಶಾಲೆಯಲ್ಲಿ ನಾವು ‘ಮೌನಂ ಸಮ್ಮತಿಲಕ್ಷಣಂ’ ಎಂಬ ನ್ಯಾಯವನ್ನು ಕಲಿತೆವು. ಇದನ್ನು ಪ್ರಯೋಗಿಸುವ ಸ್ಥಳವನ್ನು ಅರಿಯದೆ ಲೋಕವು ಬಹಳ ಅನ್ಯಾಯವನ್ನು ಮಾಡಿದೆ. 1972 ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಂದು ಪೊಲೀಸ್ ಠಾಣೆಯಲ್ಲಿ ಆದಿವಾಸಿ ಬಾಲೆಯೊಬ್ಬಳ ಮೇಲೆ ಅತ್ಯಾಚಾರ ಮಾಡಿದರೆಂದು ಇಬ್ಬರು ಪೊಲೀಸರ ಮೇಲೆ ಆರೋಪ ಬಂತು. ಆಕೆಯ ಮೈಮೇಲೆ ಗಾಯಗಳಿಲ್ಲ, ಆಕೆ ಪ್ರತಿಭಟಿಸಿದ ಗುರುತಿಲ್ಲ ಎಂಬ ಕಾರಣವನ್ನು ಹಿಡಿದು ಸುಪ್ರೀಂ ಕೋರ್ಟು ಅವರನ್ನು ಬಿಡುಗಡೆ ಮಾಡಿತು. ನಾಲ್ವರು ಕಾನೂನು ಪ್ರಾಧ್ಯಾಪಕರು 1979 ರಲ್ಲಿ ಬಹಿರಂಗ ಪತ್ರ ಬರೆದು ಇದನ್ನು ಖಂಡಿಸಿದರು; ಹೆಂಗಸರು ಬೀದಿಗಿಳಿದರು; 1983 ರಲ್ಲಿ ಕಾನೂನು ತಿದ್ದುಪಡಿಯಾಯಿತು. ಮೈಯಿಂದ ಪ್ರತಿಭಟಿಸಲಿಲ್ಲವೆಂದ ಮಾತ್ರಕ್ಕೆ ಒಪ್ಪಿದಳೆಂದು ತಿಳಿಯಕೂಡದೆಂಬುದನ್ನು 2013 ರ ತಿದ್ದುಪಡಿಯು ಸ್ಪಷ್ಟಪಡಿಸಿತು. ಹೆದರಿದವಳ ಮೌನಕ್ಕೆ ಆ ನ್ಯಾಯವು ಸಲ್ಲದು. ಅದು ಸಲ್ಲುವುದು ಹೆದರಬೇಕಾದ ಕಾರಣವಿಲ್ಲದೆಯೂ ಸುಮ್ಮನಿರುವ ಊರಿನ ಮೌನಕ್ಕೆ.

ಇದಕ್ಕೆ ನಿದರ್ಶನವು ನಮ್ಮ ತಾಲೂಕಿನಲ್ಲಿಯೇ ದೊರೆಯಿತು. 2023 ರ ಡಿಸೆಂಬರ್ ತಿಂಗಳಲ್ಲಿ, ಸುವರ್ಣ ವಿಧಾನಸೌಧದಲ್ಲಿ ಅಧಿವೇಶನವು ನಡೆದಿರುವಾಗಲೇ, ಹೊಸ ವಂಟಮೂರಿ ಗ್ರಾಮದಲ್ಲಿ ಒಬ್ಬ ತಾಯಿಯನ್ನು, ಆಕೆಯ ಮಗನು ಒಂದು ಹುಡುಗಿಯೊಡನೆ ಊರುಬಿಟ್ಟು ಹೋದನೆಂಬ ಸಿಟ್ಟಿನಿಂದ, ಮನೆಯಿಂದ ಎಳೆತಂದು ವಿವಸ್ತ್ರಳನ್ನಾಗಿ ಮಾಡಿ ಕಂಬಕ್ಕೆ ಕಟ್ಟಿದರು. ಅನೇಕರು ನೋಡುತ್ತ ನಿಂತಿದ್ದರು. ರಾಜ್ಯದ ಉಚ್ಚ ನ್ಯಾಯಾಲಯವು ತಾನಾಗಿಯೇ ಈ ಪ್ರಕರಣವನ್ನು ಕೈಗೆತ್ತಿಕೊಂಡು, ಇಷ್ಟು ಜನರು ಹೇಗೆ ಸುಮ್ಮನಿದ್ದರೆಂದು ಕೇಳಿತು. ಬೆಂಟಿಂಕನ ಕಾಲದಲ್ಲಿ ಇಡೀ ಊರಿಗೆ ದಂಡ ಹಾಕುತ್ತಿದ್ದುದನ್ನೂ ನೆನಪಿಸಿತು. ಬಿಡಿಸಲು ಮುಂದಾದವನು ಒಬ್ಬನೆಂದು ಅಲ್ಲಿ ತಿಳಿದುಬಂತು. ನಾವು ಕಿತ್ತೂರ ಚೆನ್ನಮ್ಮನ ಹೆಸರಿನಿಂದ, ಬೆಳವಡಿ ಮಲ್ಲಮ್ಮನ ಹೆಸರಿನಿಂದ ಎದೆಯುಬ್ಬಿಸಿ ಮಾತನಾಡುವ ಸೀಮೆಯವರು. ವೀರರಾಣಿಯರ ಉತ್ಸವಗಳು ಆ ರಾತ್ರಿ ಆ ತಾಯಿಯ ಉಪಯೋಗಕ್ಕೆ ಬರಲಿಲ್ಲ. ನಾಲ್ಕು ಜನ ನೆರೆಯವರು ಬಂದಿದ್ದರೆ ಸಾಕಾಗುತ್ತಿತ್ತು.

ನಮ್ಮ ಪಂಚಾಚಾರಗಳಲ್ಲಿ ಗಣಾಚಾರವೆಂಬುದೊಂದಿದೆ. ಶಿವನಿಂದೆಯನ್ನು ಕೇಳಿ ಸುಮ್ಮನಿರಬಾರದೆಂದು ಅದರ ಅರ್ಥವನ್ನು ಬಲ್ಲವರು ಹೇಳುವರು. ಭಕ್ತನ ಶರೀರವು ಶಿವನ ವಾಸಸ್ಥಾನವೆಂಬುದು ನಮ್ಮ ಸಿದ್ಧಾಂತವಾದ ಮೇಲೆ, ಒಂದು ಶರೀರವನ್ನು ಬಲಾತ್ಕಾರದಿಂದ ಮುಟ್ಟುವುದಕ್ಕಿಂತ ದೊಡ್ಡ ಶಿವನಿಂದೆಯು ಯಾವುದು? ಅದನ್ನು ನೋಡುತ್ತ ನಿಂತವನು ಗಣಾಚಾರಭ್ರಷ್ಟನೆಂದೇ ನನ್ನ ನಿರ್ಣಯ.

ಮಠದ ಹೊಸ್ತಿಲಿನ ಒಳಗೆ

ಈ ವಿಷಯವು ಮಠದ ಗ್ರಂಥಕ್ಕೆ ಏಕೆ ಒಪ್ಪುವುದೆಂಬುದನ್ನು ಈಗ ಹೇಳುವೆನು. ರಾಷ್ಟ್ರದ ಅಪರಾಧ ದಾಖಲೆಗಳು ವರ್ಷ ವರ್ಷವೂ ಒಂದೇ ಸಂಗತಿಯನ್ನು ತೋರಿಸುತ್ತವೆ: ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿಯು ಪೀಡಿತಳಿಗೆ ಪರಿಚಿತನು. ಬಂಧು, ನೆರೆಯವ, ಮಾಲೀಕ, ಗುರು. ಕತ್ತಲೆಯಲ್ಲಿ ಬರುವ ಅಪರಿಚಿತನಿಗೆ ನಾವು ಹೆದರುತ್ತ ಕುಳಿತಿರುವಾಗ, ಹೊಸ್ತಿಲಿನ ಒಳಗಿನ ಪರಿಚಿತನು ನಮ್ಮ ಗೌರವದ ಮರೆಯಲ್ಲಿಯೇ ನಿಂತಿರುತ್ತಾನೆ. ಮಠಗಳು ಉಚಿತ ಪ್ರಸಾದನಿಲಯಗಳನ್ನು ನಡೆಸುತ್ತವೆ. ಖಾನಾಪುರದ ಕಾಡಂಚಿನ ಹಳ್ಳಿಗಳಿಂದ ಮೊದಲ್ಗೊಂಡು ಬಡವರು ತಮ್ಮ ಮಕ್ಕಳನ್ನು ಕಾವಿಯ ಮೇಲಿನ ನಂಬಿಕೆಯಿಂದ ತಂದು ಬಿಡುತ್ತಾರೆ. ಆ ನಂಬಿಕೆಯೇ ನಮ್ಮ ದೊಡ್ಡ ಆಸ್ತಿಯು. ಅದೇ ನಮ್ಮ ದೊಡ್ಡ ಅಪಾಯವು.

ನನ್ನ ಬಾಲ್ಯದ ಒಂದು ಸಂಗತಿಯನ್ನು ಸಂಕೋಚದಿಂದಲೇ ಬರೆಯುತ್ತೇನೆ. ನಾನು ಓದಿದ ಒಂದು ವಿದ್ಯಾಸ್ಥಾನದಲ್ಲಿ ನನ್ನ ಪಕ್ಕದಲ್ಲಿ ಮಲಗುತ್ತಿದ್ದ ಹುಡುಗನೊಬ್ಬನು, ನನಗಿಂತ ಎರಡು ವರ್ಷ ಚಿಕ್ಕವನು, ಇದ್ದಕ್ಕಿದ್ದಂತೆ ಮಾತು ಬಿಟ್ಟನು. ರಾತ್ರಿ ಹಾಸಿಗೆ ಒದ್ದೆಯಾಗುತ್ತಿತ್ತು. ಉಸ್ತುವಾರಿಯ ಒಬ್ಬ ದೊಡ್ಡವನ ಹೆಸರು ಕೇಳಿದರೆ ನಡುಗುತ್ತಿದ್ದನು. ಒಂದು ದಿನ ಅವನು ನನಗೆ ಅರ್ಧ ಮಾತು ಹೇಳಿದನು. ಉಳಿದರ್ಧವು ನನಗೆ ತಿಳಿಯಿತು. ಹಿರಿಯರೊಬ್ಬರಿಗೆ ತಿಳಿಸಿದಾಗ, ಒಳಗಿನ ಮಾತು ಹೊರಗೆ ಹೋದರೆ ಸಂಸ್ಥೆಯ ಹೆಸರು ಕೆಡುತ್ತದೆ, ಓದಿನ ಕಡೆ ಲಕ್ಷ್ಯ ಕೊಡು ಎಂದರು. ನಾನು ಲಕ್ಷ್ಯ ಕೊಟ್ಟೆನು. ಹುಡುಗನನ್ನು ಮನೆಯವರು ಕರೆದುಕೊಂಡು ಹೋದರು; ದೊಡ್ಡವನು ಅಲ್ಲಿಯೇ ಉಳಿದನು. ಆ ವರ್ಷ ನಾನು ವ್ಯಾಕರಣದಲ್ಲಿ ಬಹುಮಾನ ಪಡೆದೆನು. ಆ ಬಹುಮಾನದ ಪುಸ್ತಕವನ್ನು ನಾನು ಈಗಲೂ ತೆರೆಯಲಾರೆನು.

ಆ ಹಿರಿಯರು ಕೆಟ್ಟವರಾಗಿರಲಿಲ್ಲ. ಸಂಸ್ಥೆಯ ಹೆಸರನ್ನು ಕಾಯುವುದೇ ಧರ್ಮವೆಂದು ತಿಳಿದಿದ್ದರು. ಇಂದು ಹಾಗೆ ತಿಳಿಯಲು ಅವಕಾಶವಿಲ್ಲ. 2012 ರ ನವೆಂಬರ್ 14 ರಂದು ಜಾರಿಗೆ ಬಂದ ಪೋಕ್ಸೋ ಕಾಯಿದೆಯು ಹದಿನೆಂಟು ವರ್ಷದೊಳಗಿನ ಗಂಡು ಹೆಣ್ಣು ಮಕ್ಕಳಿಬ್ಬರನ್ನೂ ರಕ್ಷಿಸುತ್ತದೆ. ಇಂಥ ಕೃತ್ಯವು ನಡೆದುದನ್ನು ಬಲ್ಲವನು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ತನ್ನ ಕೈಕೆಳಗಿನವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಾದರೆ ಒಂದು ವರ್ಷದವರೆಗೆ ಸೆರೆವಾಸ. ಮಗುವಿನ ಹೆಸರನ್ನು ಪ್ರಕಟಿಸಕೂಡದು. ಪೀಡಿತರಿಗೆ ಪ್ರಥಮೋಪಚಾರವನ್ನಾಗಲಿ ಚಿಕಿತ್ಸೆಯನ್ನಾಗಲಿ ಯಾವ ಆಸ್ಪತ್ರೆಯೂ ನಿರಾಕರಿಸುವಂತಿಲ್ಲ, ಹಣ ಕೇಳುವಂತಿಲ್ಲ.

ಕಾನೂನು ಹೇಳುವುದು ಪಾತಕವು ನಡೆದ ಮೇಲಿನ ಮಾತು. ನಡೆಯುವ ಮೊದಲೇ ತಡೆಯುವುದು ನಮ್ಮ ಕೈಯಲ್ಲಿದೆ. ಪ್ರಸಾದನಿಲಯಗಳಲ್ಲಿ ಸಣ್ಣ ಹುಡುಗರ ಹಾಸಿಗೆಗಳು ದೊಡ್ಡವರಿಂದ ಬೇರೆಯಾಗಿರಲಿ. ಯಾವ ದೊಡ್ಡವನೂ, ಆತನು ಎಷ್ಟೇ ಪೂಜ್ಯನಾಗಿರಲಿ, ಒಂದು ಮಗುವಿನೊಡನೆ ಮುಚ್ಚಿದ ಬಾಗಿಲಿನ ಒಳಗೆ ಒಬ್ಬನೇ ಇರಕೂಡದು. ತನ್ನ ಮೈ ತನ್ನದು, ಇಷ್ಟವಿಲ್ಲದ ಸ್ಪರ್ಶಕ್ಕೆ ಬೇಡವೆನ್ನುವುದು ಅವಿಧೇಯತೆಯಲ್ಲ ಎಂಬುದನ್ನು ಮಕ್ಕಳಿಗೆ ವರ್ಣಮಾಲೆಯೊಡನೆಯೇ ಕಲಿಸಬೇಕು. ಮಕ್ಕಳ ಸಹಾಯವಾಣಿಯ 1098 ಎಂಬ ಅಂಕಿಯು ಊಟದ ಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿರಲಿ. ದೂರು ಕೇಳುವ ಸಮಿತಿಯಲ್ಲಿ ಮಠಕ್ಕೆ ಸಂಬಂಧವಿಲ್ಲದ ಹೆಂಗಸರು ಇರಲಿ. ಊರ ಪಂಚರು ಇಂಥ ಪ್ರಕರಣಗಳಲ್ಲಿ ರಾಜಿ ಮಾಡಿಸುವ, ಪಾತಕಿಗೇ ಹುಡುಗಿಯನ್ನು ಕಟ್ಟಿ ಮರ್ಯಾದೆ ಉಳಿಸಿದೆವೆನ್ನುವ ನಡಾವಳಿಯನ್ನು ಸ್ವಾಮಿಗಳು ಪೀಠದ ಮೇಲಿನಿಂದ ನಿಷೇಧಿಸಲಿ. ಎಲ್ಲಕ್ಕೂ ಮಿಗಿಲಾಗಿ ಗಂಡುಮಕ್ಕಳಿಗೆ, ಅಕ್ಕನ ಪುರಾಣವನ್ನು ಹೇಳುವಾಗ, ಕೌಶಿಕನು ಎಲ್ಲಿ ತಪ್ಪಿದನೆಂಬುದನ್ನು ಬಿಡಿಸಿ ಹೇಳಬೇಕು.

ಉಪಸಂಹಾರ

ಸಂಕವ್ವೆಯಿಂದ ಸೀತವ್ವನವರೆಗಿನ ಈ ದೀರ್ಘವಾದ ದಾರಿಯಲ್ಲಿ ಹೆಂಗಸರು ತಮ್ಮ ತಲೆಯ ಮೇಲಿನ ಲಜ್ಜೆಯನ್ನು ತಾವೇ ಇಳಿಸಿದರು. ಅದನ್ನು ಹೊರತಕ್ಕವನ ತಲೆಗೆ ಏರಿಸುವ ಕೆಲಸವು ಮಾತ್ರ ಊರಿನದು, ಮಠದದು, ನಮ್ಮದು. ಶ್ರೀಮಠವು ಈ ಮಹೋತ್ಸವದ ಸ್ಮಾರಕವಾಗಿ ಕಟ್ಟಡಗಳನ್ನು ಕಟ್ಟಿಸುತ್ತಿರುವುದು ಸಂತೋಷದ ಸಂಗತಿ. ಅವುಗಳ ಜೊತೆಗೆ, ಇಲ್ಲಿಗೆ ಬಂದ ಮಗುವು ಅರ್ಧ ಮಾತು ಹೇಳಿದರೂ ಪೂರ್ಣವಾಗಿ ಕೇಳುವ ಒಂದು ಏರ್ಪಾಡನ್ನೂ ಮಾಡಬೇಕೆಂದು ಶ್ರೀಗಳವರ ಸನ್ನಿಧಿಯಲ್ಲಿ ಬಿನ್ನವಿಸುವೆನು. ಹೆಸರು ಕೆಡುವುದೆಂಬ ಭಯವಿದ್ದವರಿಗೆ ನನ್ನ ಅರಿಕೆಯಿಷ್ಟೇ: ಮುಚ್ಚಿದ ಮಠದ ಹೆಸರು ಇಂದಲ್ಲ ನಾಳೆ ಕೆಟ್ಟೇ ತೀರುವುದು; ಕೇಳಿದ ಮಠದ ಹೆಸರು ಉಳಿಯುವುದು. ಗುರು ಬಸವೇಶನು ನಮಗೆ ಆ ಕಿವಿಯನ್ನೂ ಆ ಧೈರ್ಯವನ್ನೂ ಕರುಣಿಸಲಿ.